ಭಾಗ 5: ಅಜ್ಜ-ಅಜ್ಜಿಯ ರೈಲು ರಿಯಾಯಿತಿ ಎಲ್ಲಿ ಹೋಯ್ತು?

ನಿಮ್ಮ ತಾತನನ್ನ ಒಂದು ಪ್ರಶ್ನೆ ಕೇಳಿ. ಕೊನೇ ಸಲ ರೈಲಲ್ಲಿ ರಿಯಾಯಿತಿ ಟಿಕೆಟ್ ತಗೊಂಡಿದ್ದು ಯಾವಾಗ? ಅವರು ಏನೇ ಹೇಳಲಿ, ಅದು 2020ರ ಮಾರ್ಚ್ 20ಕ್ಕಿಂತ ಹಿಂದಿನ ಕಥೆ. ಅವತ್ತಿಂದ ಹಿರಿಯ ನಾಗರಿಕರಿಗೆ ರೈಲಿನಲ್ಲಿ ದರ ರಿಯಾಯಿತಿ ಇಲ್ಲ.

ಫೋಟೋದಲ್ಲಿರೋದು ತೊಂಡೇಭಾವಿ ಸ್ಟೇಷನ್. ನಮ್ಮ ಅಲೀಪುರದವರಿಗೆ ರೈಲು ಅಂದ್ರೆ ಇದೇ. ಈ ಕಡೆ ದೊಡ್ಡಬಳ್ಳಾಪುರ, ಯಲಹಂಕ, ಬೆಂಗಳೂರು. ಆ ಕಡೆ ಗೌರಿಬಿದನೂರು ದಾಟಿದ್ರೆ ಹಿಂದೂಪುರ, ಅಂದ್ರೆ ಆಂಧ್ರ. ನಮ್ಮೂರು ಹರಳು ಕಲ್ಲಿನ ವ್ಯಾಪಾರದ ಊರು. ಕಲ್ಲು ತಗೊಂಡು ದೂರದ ಊರುಗಳಿಗೆ ಹೋಗಿ ಬಂದ ಹಿರಿಯರು ಇಲ್ಲಿ ಬೀದಿಗೊಬ್ಬರು ಸಿಗ್ತಾರೆ. ಮೊಹರಂ ಬಂತು ಅಂದ್ರೆ ಹೊರಗಿರೋರೆಲ್ಲ ಊರಿಗೆ ವಾಪಸ್. ಹಾಗಾಗಿ ಟಿಕೆಟ್ ರೇಟು ಇಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ.

ಈಗ ಇತಿಹಾಸ. 2011ರ ಫೆಬ್ರವರಿಯಲ್ಲಿ ಮಮತಾ ಬ್ಯಾನರ್ಜಿ ರೈಲ್ವೆ ಮಂತ್ರಿ ಆಗಿ ಮಂಡಿಸಿದ ಬಜೆಟ್‌ನಲ್ಲಿ ಹಿರಿಯ ಗಂಡಸರ ರಿಯಾಯಿತಿ ಶೇ. 30ರಿಂದ 40ಕ್ಕೆ ಏರಿತು. ಹೆಂಗಸರಿಗೆ ಶೇ. 50 ಇತ್ತು, ಅವರ ವಯಸ್ಸಿನ ಮಿತಿ 60ರಿಂದ 58ಕ್ಕೆ ಇಳಿಯಿತು. ಲೆಕ್ಕ ಹಾಕಿ ನೋಡಿ. ಮೂಲ ದರ 400 ರೂಪಾಯಿ ಅಂದ್ಕೊಳ್ಳಿ. ತಾತನಿಗೆ 240, ಅಜ್ಜಿಗೆ 200, ಇಬ್ಬರೂ ಸೇರಿ 440. ಈಗ ಅದೇ ಜೋಡಿಗೆ 800. ರಿಸರ್ವೇಶನ್ ಚಾರ್ಜು ಬೇರೆ.

ಆಮೇಲೆ 2016-17ರ ಸುಮಾರಿಗೆ ಒಂದು ಸಣ್ಣ ಬದಲಾವಣೆ ಬಂತು, ನನಗೆ ಇದು ಮುಖ್ಯ ಅನ್ಸುತ್ತೆ. ಬುಕ್ ಮಾಡುವಾಗ ರಿಯಾಯಿತಿ ಬೇಕಾ ಬೇಡ್ವಾ ಅಂತ ಆರಿಸ್ಕೊಳ್ಳೋ ಹಾಗಾಯ್ತು. ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂದ ಹಾಗೇ ಇದನ್ನೂ ಬಿಟ್ಟುಕೊಡಿ ಅಂತ ಕೇಳಿದ್ರು. ಅದೇ ಕಾಲದಲ್ಲಿ ಟಿಕೆಟ್ ಮೇಲೆ ಒಂದು ಸಾಲು ಅಚ್ಚಾಗ್ತಿತ್ತು, ನೆನಪಿದೆಯಾ? ಪ್ರಯಾಣದ ಖರ್ಚಲ್ಲಿ ರೈಲ್ವೆಗೆ ವಾಪಸ್ ಬರೋದು ಶೇ. 57 ಮಾತ್ರ ಅಂತ. ಹಕ್ಕು ಅಂದ್ಕೊಂಡು ತಗೊಳ್ತಿದ್ದ ಟಿಕೆಟ್ಟು ಅಲ್ಲಿಂದ ಋಣದ ಥರ ಕಾಣೋಕೆ ಶುರುವಾಯ್ತು.

ಆಗ ಕೊರೊನಾ ಬಂತು. ವಯಸ್ಸಾದವರು ಓಡಾಡೋದು ಅಪಾಯ, ಅವರು ಪ್ರಯಾಣ ಮಾಡದೇ ಇರಲಿ ಅಂತ ರಿಯಾಯಿತಿ ನಿಲ್ಲಿಸಿದ್ರು. ಆ ಹೊತ್ತಿಗೆ ಅದು ಸರಿಯಾದ ನಿರ್ಧಾರ ಅಂತಲೇ ನಾನೂ ಹೇಳ್ತೀನಿ. ಅಂಗವಿಕಲರ, ರೋಗಿಗಳ, ವಿದ್ಯಾರ್ಥಿಗಳ ಕೆಲವು ವಿಭಾಗಗಳಿಗೆ ರಿಯಾಯಿತಿ ಉಳಿಯಿತು. ಹಿರಿಯರದ್ದು ಹೋಯಿತು. ಸೋಂಕು ಇಳೀತು, ರೈಲು ತುಂಬಿತು, ರಿಯಾಯಿತಿ ಮಾತ್ರ ವಾಪಸ್ ಬರಲಿಲ್ಲ. ಸಂಸತ್ತಲ್ಲಿ ಕೇಳಿದಾಗ ಬಂದ ಉತ್ತರದಲ್ಲಿ ಕಾಯಿಲೆಯ ಮಾತಿಗಿಂತ ಹಣದ ಮಾತೇ ಜಾಸ್ತಿ: ಎಲ್ಲ ಪ್ರಯಾಣಿಕರಿಗೂ ಈಗಾಗಲೇ ಸರಾಸರಿ ಅರ್ಧದಷ್ಟು ಸಬ್ಸಿಡಿ ಕೊಡ್ತಿದ್ದೀವಿ ಅಂತ. ಕನಿಷ್ಠ ಸ್ಲೀಪರ್ ಮತ್ತು 3ಎಸಿಯಲ್ಲಾದ್ರೂ ಕೊಡೋ ಬಗ್ಗೆ ಯೋಚಿಸಿ ಅಂತ ಸಂಸತ್ತಿನ ಸ್ಥಾಯಿ ಸಮಿತಿ 2022ರಲ್ಲಿ ಹೇಳಿತು. ಆದ್ರೂ ಆಗಲಿಲ್ಲ.

ಬಿಕಾಂ ಓದೋ ತಲೆ ಸುಮ್ನಿರಲ್ಲ, ಅಂಕಿ ನೋಡೋಣ. 2019-20ರಲ್ಲಿ ಹಿರಿಯರ ರಿಯಾಯಿತಿಯಿಂದ ರೈಲ್ವೆ ಬಿಟ್ಟುಕೊಟ್ಟ ಆದಾಯ 1,667 ಕೋಟಿ. ಅದೇ ವರ್ಷ ಪ್ರಯಾಣಿಕರಿಗೆ ಕೊಟ್ಟ ಒಟ್ಟು ಸಬ್ಸಿಡಿ ಅಂತ ಸರ್ಕಾರ ಹೇಳಿದ ಮೊತ್ತ 59,837 ಕೋಟಿ. ಪಕ್ಕಪಕ್ಕ ಇಟ್ಟು ನೋಡಿದ್ರೆ ನೂರು ರೂಪಾಯಿಗೆ ಮೂರು ರೂಪಾಯೂ ಇಲ್ಲ. ಇನ್ನೊಂದು. ‘ಬಿಟ್ಟುಕೊಟ್ಟ ಆದಾಯ’ ಅಂದ್ರೆ ಗಲ್ಲಾಪೆಟ್ಟಿಗೆಯಿಂದ ಹೋದ ದುಡ್ಡಲ್ಲ. ಪೂರ್ತಿ ದರ ಇದ್ದಿದ್ರೂ ಆ ಅಜ್ಜ-ಅಜ್ಜಿಯರೆಲ್ಲ ಪ್ರಯಾಣ ಮಾಡೇ ಮಾಡ್ತಿದ್ರು ಅಂತ ಊಹಿಸಿ ಹಾಕಿದ ಲೆಕ್ಕ ಅದು.

ಮಾಹಿತಿ ಹಕ್ಕಿನಲ್ಲಿ ಸಿಕ್ಕ ಲೆಕ್ಕವೂ ಇದೆ. ರಿಯಾಯಿತಿ ನಿಂತಾಗಿಂದ 2025ರ ಫೆಬ್ರವರಿ ಕೊನೆವರೆಗೆ ಸುಮಾರು 31.35 ಕೋಟಿ ಹಿರಿಯ ಪ್ರಯಾಣಿಕರಿಂದ ಹೆಚ್ಚುವರಿಯಾಗಿ ಬಂದದ್ದು ಸುಮಾರು 8,913 ಕೋಟಿ. ಭಾಗಿಸಿದೆ. ತಲಾ ಸುಮಾರು 284 ರೂಪಾಯಿ. ಪಿಂಚಣಿ ಇಲ್ಲದ ಮನೆಯಲ್ಲಿ 284 ರೂಪಾಯಿ ಅಂದ್ರೆ ಏನು ಅಂತ ನಿಮಗೇ ಗೊತ್ತು.

ಒಂದು ಮಾತು ಸ್ಪಷ್ಟ ಮಾಡಬೇಕು. ಈ ರಿಯಾಯಿತಿ ಇದ್ದದ್ದು ಮೇಲ್, ಎಕ್ಸ್‌ಪ್ರೆಸ್ ಥರದ ಗಾಡಿಗಳಿಗೆ. ದಿನಾ ಪ್ಯಾಸೆಂಜರ್ ಹತ್ತೋರಿಗೆ ಬೇರೆ ಏಟು ಬಿತ್ತು. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿದ್ರಿಂದ ಕನಿಷ್ಠ ಟಿಕೆಟ್ 10 ರೂಪಾಯಿ ಹೋಗಿ 30 ಆಯ್ತು. ಅದು ಮತ್ತೆ 10ಕ್ಕೆ ಇಳಿದಿದ್ದು 2024ರ ಫೆಬ್ರವರಿ ಕೊನೆಯಲ್ಲಿ. ಅಂದ್ರೆ ನಿಲ್ಲಿಸಿದ್ದನ್ನ ವಾಪಸ್ ಕೊಡೋಕೆ ಆಗುತ್ತೆ!

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ರಾಜ್ಯದ ಒಳಗೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ವಯಸ್ಸಿನ ಪ್ರಶ್ನೆಯೇ ಇಲ್ಲ, ಆಧಾರ್ ತೋರಿಸಿದ್ರೆ ಶೂನ್ಯ ಟಿಕೆಟ್. ಅಜ್ಜಿ ಗೆದ್ರು. ತಾತನಿಗೆ 60 ದಾಟಿದ್ರೆ ಶೇ. 25 ರಿಯಾಯಿತಿ, ಅಷ್ಟೇ. 2025ರ ಜನವರಿ 5ಕ್ಕೆ ಬಸ್ ದರ ಶೇ. 15 ಏರಿತಲ್ಲ, ಆಗ ತಾತ 75 ರೂಪಾಯಿ ಕೊಡ್ತಿದ್ದ ಕಡೆ 86 ಆಯ್ತು. ಖಾಸಗಿ ಬಸ್ ಹತ್ತಿದ್ರೆ ಶಕ್ತಿಯೂ ಇಲ್ಲ. ಆದ್ರೂ ಬಸ್ಸಿನ ವ್ಯವಸ್ಥೆಯಲ್ಲಿ ಒಂದು ಒಳ್ಳೇದಿದೆ: ಪ್ರತಿ ಶೂನ್ಯ ಟಿಕೆಟ್ಟಿನ ಮೇಲೆ ಮೊತ್ತ ದಾಖಲಾಗಿ, ನಿಗಮಕ್ಕೆ ಅದನ್ನ ರಾಜ್ಯ ಸರ್ಕಾರ ತುಂಬಿಕೊಡಬೇಕು. ಬಿಲ್ಲು ಯಾರ ಹೆಸರಿಗೆ ಅನ್ನೋದು ಗೊತ್ತಿದೆ. ರೈಲ್ವೆ ರಿಯಾಯಿತಿಗೆ ಅಂಥ ಹೆಸರು ಇರಲಿಲ್ಲ, ನಷ್ಟ ರೈಲ್ವೆ ಪುಸ್ತಕದಲ್ಲೇ ಕೂತಿತ್ತು. ಅದಕ್ಕೇ ಅದನ್ನ ಕತ್ತರಿಸೋದು ಅಷ್ಟು ಸುಲಭ ಆಯ್ತು ಅಂತ ನನ್ನ ಅನಿಸಿಕೆ.

ರೈಲಲ್ಲಿ ಹಿರಿಯರಿಗೆ ಈಗ ಉಳಿದಿರೋದು ಲೋವರ್ ಬರ್ತ್ ಕೋಟಾ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ. ಬುಕ್ ಮಾಡುವಾಗ ಆ ಆಯ್ಕೆ ಒತ್ತೋದು ಮರೀಬೇಡಿ. ಬಸ್ಸಲ್ಲಿ ತಾತನ ವಯಸ್ಸು ಇರೋ ಗುರುತಿನ ಚೀಟಿ ಮೊದಲೇ ಕೈಯಲ್ಲಿ ಹಿಡ್ಕೊಂಡಿರಲಿ, ಟಿಕೆಟ್ ಹರಿದ ಮೇಲೆ ತೋರಿಸಿದ್ರೆ ಪ್ರಯೋಜನ ಇಲ್ಲ.

2020ಕ್ಕಿಂತ ಹಿಂದಿನ ರಿಯಾಯಿತಿ ಟಿಕೆಟ್ ಯಾರ ಮನೇಲಾದ್ರೂ ಇದ್ರೆ ಹೆಸರು, ನಂಬರು ಮುಚ್ಚಿ ಫೋಟೋ ಕಳಿಸಿ. ಭಾಗ 6ರಲ್ಲಿ ಹಾಕ್ತೀನಿ.