ಕನಕಪುರ ತಾನೇ ಹಾಕಿಕೊಂಡ ಬೀಗ

ಬೀಗ ಹಾಕುವುದು ಸುಲಭ, ತೆಗೆಯುವುದು ಕಷ್ಟ ಎಂಬ ಮಾತು ಮನೆಯ ಬೀಗಕ್ಕೆ ಒಪ್ಪುವುದಿಲ್ಲ. ಊರಿನ ಬೀಗಕ್ಕೆ ಚೆನ್ನಾಗಿ ಒಪ್ಪುತ್ತದೆ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬಿದ್ದ ಬೀಗ ಎರಡು ತಿಂಗಳಿಗೂ ಮೀರಿ ಉಳಿದು, ಜೂನ್ 8ರಿಂದ ದೇವಸ್ಥಾನಗಳೂ ಹೋಟೆಲುಗಳೂ ಬಾಗಿಲು ತೆರೆಯತೊಡಗಿದವು. ಜನ ನಿಟ್ಟುಸಿರು ಬಿಟ್ಟರು. ಆದರೆ ಆ ತಿಂಗಳು ಮುಗಿಯುವ ಮುನ್ನವೇ, ಬೆಂಗಳೂರಿಗೆ ಸುಮಾರು 55 ಕಿಲೋಮೀಟರ್ ದೂರದ ಕನಕಪುರದಲ್ಲಿ ವಿಚಿತ್ರವೊಂದು ನಡೆಯಿತು. ಸೋಂಕು ಏರತೊಡಗಿದ್ದನ್ನು ಕಂಡು, ಜುಲೈ 1ರವರೆಗೆ ಊರು ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುವುದೆಂದು ಸಂಸದ ಡಿ. ಕೆ. ಸುರೇಶ್ ಪ್ರಕಟಿಸಿದರು. ಸರ್ಕಾರ ತೆಗೆದ ಬೀಗವನ್ನು ಊರು ಮತ್ತೆ ಹಾಕಿಕೊಂಡಿತು!

ಜೀವ ಮತ್ತು ಜೀವನೋಪಾಯ, ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವ ಚಿತ್ರವನ್ನು ಆ ದಿನಗಳಲ್ಲಿ ನಾವೆಲ್ಲ ನೋಡಿ ನೋಡಿ ಒಪ್ಪಿಕೊಂಡುಬಿಟ್ಟಿದ್ದೆವು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂದು ಆ ಚಿತ್ರ ಹೇಳುತ್ತದೆ. ಹಾಗಿದ್ದರೆ ಕನಕಪುರ ಮಾಡಿದ್ದೇನು? ತನ್ನ ವ್ಯಾಪಾರವನ್ನು ತಾನೇ ಕೆಡಿಸಿಕೊಂಡಿತೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಒಂದು ಶತಮಾನಕ್ಕೂ ಹಿಂದೆ ಹೋಗಬೇಕು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಅದು ರೈಲಿನ ದಾರಿ ಹಿಡಿದು ಬಂದ ಪಿಡುಗು. ಅಂದಿನ ಮೈಸೂರು ಸರ್ಕಾರ ಕೈಕಟ್ಟಿ ಕೂರಲಿಲ್ಲ, ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಯಿತು, ಸೋಂಕಿನ ಊರಿನಿಂದ ಬಂದವರನ್ನು ಕಣ್ಗಾವಲಿನಲ್ಲಿಟ್ಟರು, ರೋಗಿಗಳನ್ನೂ ಅವರ ಮನೆಯವರನ್ನೂ ಊರ ಹೊರಗಿನ ಶಿಬಿರಗಳಿಗೆ ಸಾಗಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಮನೆಯೊಳಗೆ ನುಗ್ಗಿ ಕಾಯಿಲೆಯವರನ್ನು ಎತ್ತಿಕೊಂಡು ಹೋಗುವ ಆಳುಗಳನ್ನು ಜನ ಪ್ಲೇಗಿಗಿಂತ ಹೆಚ್ಚು ಹೆದರಿದರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಈ ಕಟ್ಟಳೆಗಳ ವಿರುದ್ಧ ಗಲಭೆಯೇ ಎದ್ದಿತು. ಅದಕ್ಕೆ ಒಂದು ವರ್ಷ ಹಿಂದೆ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಕೊಲೆಯಾಗಿತ್ತು.

ಇದರಲ್ಲೊಂದು ವಿಪರ್ಯಾಸವುಂಟು. ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಹೇಳಿದ್ದರೂ, ಅದು ಖಚಿತವಾಗಿ ಎಲ್ಲರ ಒಪ್ಪಿಗೆ ಪಡೆಯಲು ಮುಂದಿನ ದಶಕ ಬರಬೇಕಾಯಿತು. ಅಷ್ಟರವರೆಗೆ ಮನುಷ್ಯನನ್ನು ತಡೆದು ನಿಲ್ಲಿಸಿದರು. ಇಲಿ ಧಾನ್ಯದ ಮೂಟೆಯ ಜೊತೆಯಲ್ಲಿ ಸುಖವಾಗಿ ಪ್ರಯಾಣ ಮಾಡಿತು. ಬಲವಂತದ ಕ್ರಮಗಳು ಮುಂದಿನ ಕೆಲವು ವರ್ಷಗಳಲ್ಲಿ ಸಡಿಲಿದವು. ಉಳಿದು ಬಂದದ್ದು ಜನ ತಾವೇ ಒಪ್ಪಿಕೊಂಡ ಉಪಾಯ: ಊರಲ್ಲಿ ಇಲಿ ಬಿದ್ದರೆ ಮನೆ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು. ಅದೂ ಬೀಗವೇ. ಆದರೆ ಹೊಲದ ಕೆಲಸ ನಿಲ್ಲಿಸದ ಬೀಗ, ನೆರೆಯವರೊಡನೆ ಕೂಡಿ ಹಾಕಿಕೊಂಡ ಬೀಗ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅಗಲವಾದ ಬೀದಿಗಳೊಡನೆ ತುಂಬಿ ಬೆಳೆದದ್ದೂ ಆ ಪ್ಲೇಗಿನ ಬಳಿಕವೇ ಎಂಬುದನ್ನು ಅಲ್ಲಿ ಸಂಜೆ ತಿರುಗಾಡುವ ವಾಚಕರು ನೆನೆಯಬಹುದು. ಆರೋಗ್ಯಕ್ಕೆಂದು ಸುರಿದ ಹಣ ನಗರಕ್ಕೆ ನಷ್ಟವಾಗಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ, 1918ರಲ್ಲಿ ಬಂದ ಇನ್‌ಫ್ಲುಯೆಂಜಾ ಇನ್ನೊಂದು ಪಾಠ ಕಲಿಸಿತು. ಅಮೆರಿಕದ ಸೇಂಟ್ ಲೂಯಿಸ್ ನಗರ ಅಕ್ಟೋಬರ್ ಮೊದಲಲ್ಲೇ ಶಾಲೆ, ಚಿತ್ರಮಂದಿರ, ಚರ್ಚುಗಳನ್ನು ಮುಚ್ಚಿ ಬಹಳ ಜೀವ ಉಳಿಸಿಕೊಂಡಿತು. ನವೆಂಬರಿನಲ್ಲಿ ಕಟ್ಟು ಸಡಿಲಿಸಿತು; ಜ್ವರ ಮರಳಿ ಏರಿತು; ಮತ್ತೆ ಬಾಗಿಲು ಹಾಕಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋ ನವೆಂಬರ್ 21ರಂದು ಮುಖಗವಸು ಕಿತ್ತೆಸೆದು ಸಂಭ್ರಮಿಸಿ, ಜನವರಿಯಲ್ಲಿ ಅದನ್ನೇ ಮತ್ತೆ ತೊಟ್ಟಿತು. ಬೀಗ ತೆಗೆಯುವುದು ಒಂದು ದಿನದ ಸಮಾರಂಭವಲ್ಲ. ತೆಗೆದು, ನೋಡಿ, ಬೇಕಾದರೆ ಮತ್ತೆ ಹಾಕುವ ಕೆಲಸ. ಕನಕಪುರ 2020ರ ಜೂನಿನಲ್ಲಿ ಮಾಡಿದ್ದೂ ಇದನ್ನೇ.

ಈಗ ತಕ್ಕಡಿಯ ಇನ್ನೊಂದು ತಟ್ಟೆಗೆ ಬರೋಣ. ಕನಕಪುರ, ರಾಮನಗರದ ಸೀಮೆ ರೇಷ್ಮೆಯ ಸೀಮೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯದಲ್ಲೇ ದೊಡ್ಡದೆಂದು ಹೆಸರಾದದ್ದು. ಕನಕಪುರದಲ್ಲಿಯೂ ಗೂಡಿನ ಮಾರುಕಟ್ಟೆಯುಂಟು. ರೇಷ್ಮೆ ಹುಳುವಿಗೆ ಸರ್ಕಾರದ ಆಜ್ಞೆ ತಿಳಿಯದು. ಮೊಟ್ಟೆಯಿಂದ ಹೊರಬಂದ ಮೇಲೆ ಸುಮಾರು 25 ದಿನ ಅದು ಹಿಪ್ಪುನೇರಳೆ ಸೊಪ್ಪು ತಿನ್ನುತ್ತದೆ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಸೊಪ್ಪು ಮುಟ್ಟದೆ ಸುಮ್ಮನಿರುವ ಆ ಹೊತ್ತನ್ನು ರೈತರು ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಐದಾರು ದಿನಕ್ಕೆ ಗೂಡು ಬಿಡಿಸಿ ಮಾರಬೇಕು. ತಡೆದರೆ ಗೂಡಿನ ತೂಕ ದಿನದಿನಕ್ಕೂ ಇಳಿಯುತ್ತದೆ. ಇನ್ನೂ ತಡೆದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ಕೊರೆದ ಗೂಡಿನಿಂದ ಎಳೆ ಬಿಚ್ಚಲಾಗದು. ಮಾರ್ಚ್ 24ರ ರಾತ್ರಿ ದೇಶ 21 ದಿನಕ್ಕೆ ಮುಚ್ಚಿದಾಗ ಯಾರ ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತೋ ಆ ಮನೆಯವರಿಗೆ 21 ದಿನವೆಂದರೆ ಒಂದು ಬೆಳೆಯೇ.

ಗೂಡಿನ ವ್ಯಾಪಾರಕ್ಕೆ ಅವಕಾಶ ದೊರೆತ ಮೇಲೂ ಕಷ್ಟ ತೀರಲಿಲ್ಲ. ಮದುವೆಗಳು ನಿಂತಿದ್ದವು, ಸೀರೆ ಅಂಗಡಿಗಳು ಮುಚ್ಚಿದ್ದವು, ಮಗ್ಗ ಆಡುತ್ತಿರಲಿಲ್ಲ. ನೂಲು ಕೊಳ್ಳುವವರಿಲ್ಲದೆ ಬಿಚ್ಚಾಣಿಕೆಯವರು ಗೂಡಿಗೆ ಬೆಲೆ ಕಟ್ಟಲಾರದೆ ಹೋದರು, ದರ ಕುಸಿಯಿತು. ಮಾರುಕಟ್ಟೆಯೆಂದರೆ ಒಂದು ಬಾಗಿಲಲ್ಲ, ಹಿಪ್ಪುನೇರಳೆ ತೋಟದಿಂದ ಮದುವೆ ಚಪ್ಪರದವರೆಗೆ ಚಾಚಿದ ಒಂದು ಎಳೆ. ಒಂದು ಬಾಗಿಲು ತೆರೆದ ಮಾತ್ರಕ್ಕೆ ಎಳೆ ಕೂಡಿಕೊಳ್ಳುವುದಿಲ್ಲ. ರೋಗದ ಭಯ ಇರುವವರೆಗೆ ಜನ ಮದುವೆಗೆ ಬರರು, ಅಂಗಡಿಗೆ ಹೋಗರು. ಚಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ವರ್ಷ ಅಮೆರಿಕದ ಅಂಗಡಿಗಳ ಲೆಕ್ಕ ತೆಗೆದು ನೋಡಿದಾಗ, ಗಿರಾಕಿಗಳ ಓಡಾಟ ಶೇಕಡಾ 60ರಷ್ಟು ಇಳಿದಿತ್ತು. ಆ 60ರಲ್ಲಿ ಸರ್ಕಾರದ ಆಜ್ಞೆಯ ಪಾಲು 7 ಮಾತ್ರ. ಉಳಿದದ್ದರಲ್ಲಿ ಬಹುಪಾಲು ಜನ ತಾವಾಗಿಯೇ ಮನೆಯಲ್ಲಿ ಉಳಿದದ್ದರಿಂದ. ಆದುದರಿಂದ ತಕ್ಕಡಿಯ ಚಿತ್ರ ಅರ್ಧ ತಪ್ಪು: ರೋಗ ಇಳಿಯದೆ ವ್ಯಾಪಾರ ಏರುವುದಿಲ್ಲ.

ಅರ್ಧ ಮಾತ್ರ ತಪ್ಪು, ಉಳಿದರ್ಧ ನಿಜ. ಏಕೆಂದರೆ ಬೀಗದ ಭಾರ ಎಲ್ಲರ ಹೆಗಲ ಮೇಲೂ ಒಂದೇ ಸಮನಾಗಿ ಬೀಳಲಿಲ್ಲ. ಬದುಕಿದ್ದರೆ ಬೇಡಿ ತಿಂದೇನು ಎಂಬ ಮಾತು ನಮ್ಮಲ್ಲುಂಟು. ಆದರೆ ಬೇಡುವುದಕ್ಕೂ ಬೀದಿ ತೆರೆದಿರಬೇಕಷ್ಟೆ! ತಿಂಗಳ ಸಂಬಳ ತಪ್ಪದ ನಮ್ಮಂಥವರಿಗೆ ಅದು ಬಿಡುವಾಯಿತು, ದಿನಗೂಲಿಯವನಿಗೆ ಉಪವಾಸವಾಯಿತು. 2020ರ ಮೇ 5ರಂದು, ಕಟ್ಟಡ ನಿರ್ಮಾಣದ ಉದ್ಯಮಿಗಳನ್ನು ಮುಖ್ಯಮಂತ್ರಿಗಳು ಕಂಡ ಬಳಿಕ, ಊರಿಗೆ ಹೊರಟಿದ್ದ ಹೊರರಾಜ್ಯದ ಕಾರ್ಮಿಕರ ರೈಲುಗಳನ್ನು ರಾಜ್ಯ ನಿಲ್ಲಿಸಿತು. ಎಲ್ಲೆಡೆ ಖಂಡನೆಯೆದ್ದು ಎರಡು ಮೂರು ದಿನದಲ್ಲೇ ಆ ನಿರ್ಧಾರವನ್ನು ಹಿಂದೆಗೆಯಬೇಕಾಯಿತು. ಆರ್ಥಿಕತೆಯನ್ನು ಉಳಿಸುವುದೆಂದರೆ ಬಡವನನ್ನು ಹಿಡಿದಿಡುವುದೆಂದು ತಿಳಿದಾಗ ಆಗುವ ಅನ್ಯಾಯವಿದು. ಅದರ ಮರುದಿನವೇ, ಮೇ 6ರಂದು, ಅದೇ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವನ್ನೂ ಪ್ರಕಟಿಸಿತು: ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 5,000, ನೇಕಾರರಿಗೆ 2,000. ಸಾಲದೆನ್ನಬಹುದು, ಆದರೆ ದಾರಿ ಅದೇ. ಬೀಗದ ಜೊತೆಯಲ್ಲಿ ಬುತ್ತಿ ಹೋದರೆ ಬೀಗವನ್ನು ಜನ ಸಹಿಸುತ್ತಾರೆ.

ಬುತ್ತಿಗಿಂತ ಹೆಚ್ಚಾಗಿ ಬೇಕಾದದ್ದು ನಂಬಿಕೆ. ಇದಕ್ಕೂ ಕನಕಪುರದ ನೆಲವೇ ಸಾಕ್ಷಿ. 2022ರ ಜನವರಿಯಲ್ಲಿ ಸೋಂಕಿನ ಮೂರನೆಯ ಅಲೆಗೆ ಹೆದರಿ ಸರ್ಕಾರ ವಾರಾಂತ್ಯದ ಕರ್ಫ್ಯೂ ವಿಧಿಸಿತ್ತು. ಆ ಕರ್ಫ್ಯೂವಿನ ನಡುವೆಯೇ, ಜನವರಿ 9ರ ಭಾನುವಾರ, ಕನಕಪುರ ತಾಲ್ಲೂಕಿನ ಸಂಗಮದಿಂದ ಮೇಕೆದಾಟು ಪಾದಯಾತ್ರೆ ಹೊರಟಿತು. ಒಂದೂವರೆ ವರ್ಷದ ಹಿಂದೆ ಊರಿಗೆ ಬೀಗ ಪ್ರಕಟಿಸಿದ್ದ ಸಂಸದರೂ ಅದರಲ್ಲಿದ್ದರು. ಕರ್ಫ್ಯೂ ತಮ್ಮನ್ನು ತಡೆಯಲೆಂದೇ ಬಂದದ್ದು ಎಂದು ಕಾಂಗ್ರೆಸ್ಸಿನವರು, ರೋಗದ ನಡುವೆ ಜಾತ್ರೆ ಸಲ್ಲದೆಂದು ಸರ್ಕಾರದವರು. ಹೈಕೋರ್ಟು ಇಬ್ಬರನ್ನೂ ಪ್ರಶ್ನಿಸಿದ ಮೇಲೆ 13ರಂದು ಯಾತ್ರೆ ರಾಮನಗರದಲ್ಲಿ ನಿಂತಿತು. ಎಂಟು ದಿನದ ಬಳಿಕ, ಆಸ್ಪತ್ರೆ ಸೇರುವವರು ಕಡಿಮೆಯೆಂದೂ ವ್ಯಾಪಾರಿಗಳಿಗೆ ತೊಂದರೆಯೆಂದೂ ವಾರಾಂತ್ಯದ ಕರ್ಫ್ಯೂವನ್ನು ಸರ್ಕಾರ ತೆಗೆದುಹಾಕಿತು. ಲೆಕ್ಕ ಸರಿಯೇ ಇದ್ದಿರಬಹುದು. ಆದರೆ ಕಟ್ಟಳೆ ಯಾರಿಗಾಗಿ ಎಂಬ ಸಂಶಯ ಒಮ್ಮೆ ಹುಟ್ಟಿದರೆ, ಮುಂದಿನ ಸಲ ನಿಜವಾದ ಅಪಾಯ ಬಂದಾಗ ಮಾತು ಕೇಳುವವರು ಯಾರು?

ಗಂಜಾಮಿನಿಂದ ಸಂಗಮದವರೆಗೆ 124 ವರ್ಷಗಳು. ಬೀಗ ಯಾವಾಗ ತೆಗೆಯಬೇಕೆಂಬುದನ್ನು ವೈದ್ಯರ ಅಂಕಿಯೂ ವರ್ತಕರ ಅಂಕಿಯೂ ಕೂಡಿ ಹೇಳಬೇಕು. ಅದು ತಜ್ಞರ ಕೆಲಸ. ಆದರೆ ಬೀಗದ ಕೈ ಯಾರ ಬಳಿಯಿದೆ, ಒಳಗೆ ಉಳಿದವನ ಒಲೆ ಉರಿಯುತ್ತಿದೆಯೆ, ಹಾಕಿದವನೂ ನಮ್ಮ ಜೊತೆ ಒಳಗಿದ್ದಾನೆಯೆ ಎಂದು ಕೇಳುವುದು ನಮ್ಮ ಕೆಲಸ. 2020ರ ಜೂನಿನಲ್ಲಿ ಕನಕಪುರ ಹಾಕಿಕೊಂಡದ್ದು ಕೆಲವೇ ದಿನಗಳ ಬೀಗ. ಅದರಿಂದ ರೋಗ ಎಷ್ಟು ತಗ್ಗಿತೆಂಬುದಕ್ಕಿಂತ, ಅದನ್ನು ಊರೇ ಹಾಕಿಕೊಂಡಿತೆಂಬುದು ದೊಡ್ಡ ಮಾತು. ಇನ್ನೊಂದು ಪಿಡುಗು ಬರುವ ಮುನ್ನ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ, ಅಂದು ಗೂಡು ಮಾರಲಾಗದೆ ಕುಳಿತ ರೈತನ ನಷ್ಟಕ್ಕೆ ಸ್ವಲ್ಪವಾದರೂ ಬೆಲೆ ಬಂದಂತೆ.