ಎಕ್ಸ್‌ಪಿ ಬಿಡಲೊಲ್ಲದ ಚಿಕ್ಕಪ್ಪ ಮತ್ತು ಒಂದಿಷ್ಟು ಕನ್ನಡದ ಇತಿಹಾಸ

ಬಹಳ ದಿನಗಳಾದ ಮೇಲೆ ಬ್ಲಾಗಿನ ಧೂಳು ಕೊಡವುತ್ತಿದ್ದೇನೆ. ಆಫೀಸು, ಡೆಡ್‌ಲೈನು ಅಂತ ನೆಪಗಳು ಬೇಕಾದಷ್ಟಿವೆ, ಇರಲಿ ಬಿಡಿ. ಇವತ್ತು ಬರೆಯಲು ಕಾರಣವಾಗಿದ್ದು ದೊಡ್ಡಬಳ್ಳಾಪುರದಿಂದ ಬಂದ ಚಿಕ್ಕಪ್ಪನ ಒಂದು ಫೋನು.

"ಏನೋ, ವಿಂಡೋಸ್ 10ಕ್ಕೆ ಇನ್ನು ಸಪೋರ್ಟ್ ಇಲ್ಲ ಅಂತ ಪರದೆ ಮೇಲೆ ಬರ್ತಾ ಇದೆ. ಮತ್ತೆ ಬದಲಾಯಿಸಬೇಕಂತೆ. ಶನಿವಾರ ಬಾ. ಆದ್ರೆ ಒಂದು ಮಾತು, ಈ ಸಲ ನಾನು ಪಕ್ಕದಲ್ಲೇ ಕೂತಿರ್ತೀನಿ."

ಆ "ಈ ಸಲ" ಅನ್ನೋದರ ಹಿಂದೆ ಒಂದು ಕಥೆಯಿದೆ. ಅದು ನನ್ನ ತಪ್ಪಿನ ಕಥೆ. ಆದರೆ ಯೋಚಿಸುತ್ತಾ ಹೋದಂತೆ ಅದರೊಳಗೆ ಕಂಪ್ಯೂಟರಿನಲ್ಲಿ ಕನ್ನಡ ನಡೆದುಬಂದ ಇತಿಹಾಸವೂ ಕಾಣಿಸಿತು. ಹೊಸ ವಿಂಡೋಸ್ ಬಂದಾಗಲೆಲ್ಲ "ಹಾಕಿಸಿಕೊಳ್ಳಬೇಕೋ ಬೇಡವೋ" ಅಂತ ಜಗತ್ತೆಲ್ಲ ಜಗಳವಾಡಿದೆ. ಕನ್ನಡಿಗರ ಜಗಳ ಮಾತ್ರ ಸ್ವಲ್ಪ ಬೇರೆ. ನಮಗೆ ಅದು ಅಂದಚೆಂದದ ಪ್ರಶ್ನೆ ಆಗಿರಲಿಲ್ಲ, ಅಕ್ಷರದ ಪ್ರಶ್ನೆಯಾಗಿತ್ತು.

ಚಿಕ್ಕಪ್ಪನದು ತಾಲೂಕು ಕಚೇರಿಯ ಹತ್ತಿರ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ನಮ್ಮದು ನೇಕಾರರ ಮನೆ. ತಾತ ಮಗ್ಗ ನಡೆಸಿದವರು, ಚಿಕ್ಕಪ್ಪ ಮಗ್ಗ ಬಿಟ್ಟು ಕೀಬೋರ್ಡ್ ಹಿಡಿದವರು. ಲಗ್ನಪತ್ರಿಕೆ, ಕರಾರು ಪತ್ರ, ಕ್ರಯಪತ್ರ, ತಿಥಿ ಕಾರ್ಡು, ಗ್ರಾಮ ಪಂಚಾಯಿತಿ ಚುನಾವಣೆ ಬಂತೆಂದರೆ ಕರಪತ್ರ.. ಇದೇ ಜೀವನ. ಶುರುವಾಗಿದ್ದು ವಿಂಡೋಸ್ 98ರ ಮೇಲೆ.

ಈಗಿನವರಿಗೆ ನಂಬಲು ಕಷ್ಟ, ಆದರೆ ವಿಂಡೋಸ್ 98ಕ್ಕೆ ಕನ್ನಡ ಅನ್ನೋ ಭಾಷೆ ಇದೆ ಅಂತಲೇ ಗೊತ್ತಿರಲಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು, ನಿಜ. ಆದರೆ ಪುಸ್ತಕದಲ್ಲಿ ಜಾಗ ಸಿಕ್ಕರೆ ಸಾಕೇ? ಒತ್ತಕ್ಷರವನ್ನು ಕೆಳಗೆ, ಅರ್ಕಾವೊತ್ತನ್ನು ಪಕ್ಕಕ್ಕೆ ಜೋಡಿಸಿ ತೋರಿಸುವ ಕೆಲಸ ಯಾರಾದರೂ ಮಾಡಬೇಕಲ್ಲ. ಹಾಗಾಗಿ ನಮ್ಮವರು ಒಂದು ಉಪಾಯ ಮಾಡಿದ್ದರು. ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಮಾಡುವುದು. ಕಂಪ್ಯೂಟರ್ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆ ಅಂದುಕೊಂಡಿರುತ್ತೆ, ನಮಗೆ ಕನ್ನಡ ಕಾಣುತ್ತೆ. ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದರೆ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಹಣದ ಗುರುತು.. ಹೀಗೆ. ಫಾಂಟ್ ತೆಗೆದರೆ ವೇಷ ಕಳಚಿದ ಹಾಗೆ.

ಇದನ್ನು ಬೈಯಲು ನನಗೆ ಮನಸ್ಸಿಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವಿಲ್ಲದಿದ್ದರೆ ನಮ್ಮೂರಿನಂಥ ಊರುಗಳಲ್ಲಿ ಕಂಪ್ಯೂಟರಿನಿಂದ ಒಂದು ಕನ್ನಡ ಅರ್ಜಿಯೂ ಹೊರಬರುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅನ್ನ ಬೆಂದಿದ್ದೇ ಈ ವೇಷದ ಫಾಂಟುಗಳಿಂದ.

2001ರ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂತು. ಅದಕ್ಕೂ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಪ್ರವೇಶ ಸಿಕ್ಕಿತು, ಜೊತೆಗೆ "ತುಂಗಾ" ಅನ್ನೋ ಫಾಂಟು. ನಮ್ಮಂಥ ಬ್ಲಾಗಿಗರ ವಂಶವೃಕ್ಷದ ಬೇರು ಇಲ್ಲಿದೆ ಅಂದರೆ ತಪ್ಪಲ್ಲ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಸಂಪದ, ಆಮೇಲೆ ಸಾಲು ಸಾಲು ಬ್ಲಾಗುಗಳು. ಆದರೆ ಅಲ್ಲೂ ಒಂದು ಕೊಕ್ಕೆ ಇತ್ತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ಪಟ್ಟಿಯಲ್ಲಿ "ಸಂಕೀರ್ಣ ಲಿಪಿ" ಅನ್ನೋ ಜಾಗಕ್ಕೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ಎಕ್ಸ್‌ಪಿ ಸಿಡಿ ಕೇಳುತ್ತೆ! ಸಿಡಿ ಇಲ್ಲದವರಿಗೆ ಒತ್ತಕ್ಷರಗಳೆಲ್ಲ ಬಿಡಿಬಿಡಿ. ಹಳೆಯ ಕನ್ನಡ ಬ್ಲಾಗುಗಳ ಮೂಲೆಯಲ್ಲಿ "ಕನ್ನಡ ಸರಿಯಾಗಿ ಕಾಣುತ್ತಿಲ್ಲವೇ? ಇಲ್ಲಿ ಒತ್ತಿ" ಅಂತ ಇರುತ್ತಿದ್ದುದು ನೆನಪಿದೆಯಾ? ಅದು ಈ ಕೊಕ್ಕೆಯ ಗುರುತು :-)

ಚಿಕ್ಕಪ್ಪ 2004ರಲ್ಲಿ ಎಕ್ಸ್‌ಪಿ ಹಾಕಿಸಿಕೊಂಡರು. ಅವರಿಗೆ ಅದು ಹಿಡಿಸಿದ್ದು ಯುನಿಕೋಡ್‌ಗಾಗಿ ಅಲ್ಲ. ಅಂಗಡಿಯ ಪೇಜ್‌ಮೇಕರ್, ಫಾಂಟು, ಪ್ರಿಂಟರ್ ಎಲ್ಲವೂ ತಕರಾರಿಲ್ಲದೆ ನಡೆದವು, ಅದಕ್ಕೆ.

ನಂತರ ವಿಸ್ಟಾ. 2007ರ ಜನವರಿ 30ಕ್ಕೆ ಅದು ಸಾರ್ವಜನಿಕರ ಕೈಗೆ ಬಂತು. ನಾನಾಗ ಪ್ರೈಮರಿ ಶಾಲೆ ಹುಡುಗ, ಅಂಗಡಿಗೆ ಯಾರೋ ತಂದು ತೋರಿಸಿದ ಲ್ಯಾಪ್‌ಟಾಪಿನ ಗಾಜಿನಂಥ ಕಿಟಕಿಗಳನ್ನು ಬಾಯಿಬಿಟ್ಟು ನೋಡಿದ್ದಷ್ಟೇ ನೆನಪು. ದೊಡ್ಡವನಾದ ಮೇಲೆ ಆ ಕಾಲದ ಬರಹಗಳನ್ನು ಹುಡುಕಿ ಓದಿದೆ. ಜಗತ್ತಿನ ದೂರುಗಳೆಲ್ಲ ಒಂದೇ ರಾಗ. ಎಕ್ಸ್‌ಪಿಗೆ 128 ಎಂಬಿ ಮೆಮೊರಿ ಇದ್ದರೆ ಒಳ್ಳೆಯದು ಅಂದಿದ್ದ ಕಂಪನಿ ವಿಸ್ಟಾದ ಗಾಜಿನ ವೇಷಕ್ಕೆ 1 ಜಿಬಿ ಕೇಳಿತು. ಹಳೆಯ ಪ್ರಿಂಟರುಗಳಿಗೆ ಡ್ರೈವರ್ ಇಲ್ಲ, ಏನು ಮಾಡಹೊರಟರೂ "ಅನುಮತಿ ಕೊಡುತ್ತೀರಾ?" ಅಂತ ಕೇಳುವ ಡಬ್ಬಿ. ಅಮೆರಿಕದ ಇನ್ಫೋವರ್ಲ್ಡ್ ಪತ್ರಿಕೆ "ಎಕ್ಸ್‌ಪಿ ಉಳಿಸಿ" ಅಂತ 2008ರಲ್ಲಿ ಸಹಿ ಸಂಗ್ರಹ ನಡೆಸಿ 2 ಲಕ್ಷಕ್ಕೂ ಹೆಚ್ಚು ಸಹಿ ಪಡೆಯಿತು. ಎಕ್ಸ್‌ಪಿ ಮಾರಾಟ ನಿಲ್ಲಿಸುವ ದಿನವನ್ನು ಮೈಕ್ರೋಸಾಫ್ಟ್ 2008ರ ಜನವರಿಯಿಂದ ಜೂನ್ ಕೊನೆಗೆ ಮುಂದೂಡಿತ್ತು.

ಆದರೆ ಕನ್ನಡದ ಓದುಗನಿಗೆ ವಿಸ್ಟಾ ಒಂದು ವರ. ಟಿಕ್ ಹಾಕುವ, ಸಿಡಿ ಹುಡುಕುವ ರಗಳೆಯೇ ಇಲ್ಲ, ಕನ್ನಡ ತಾನಾಗಿಯೇ ಕಾಣುತ್ತಿತ್ತು. ಊರೆಲ್ಲ ಉಗಿದ ವಿಸ್ಟಾದಲ್ಲೇ ನಮ್ಮ ಲಿಪಿಗೆ ಮೊದಲ ಬಾರಿ ಕೇಳದೇ ಕುರ್ಚಿ ಸಿಕ್ಕಿತು ಅನ್ನೋದನ್ನು ಇತಿಹಾಸ ಬರೆಯುವವರು ಮರೆಯಬಾರದು.

ಇಲ್ಲೇ ಕನ್ನಡಿಗರು ಎರಡು ಪಾಲಾಗಿದ್ದು ಅಂತ ನನ್ನ ಅನಿಸಿಕೆ. ಕನ್ನಡ ಓದುವವರು, ಬ್ಲಾಗು ಬರೆಯುವವರಿಗೆ ಪ್ರತಿ ಹೊಸ ವಿಂಡೋಸ್‌ನಿಂದಲೂ ಲಾಭ. ಕನ್ನಡ ಟೈಪ್ ಮಾಡಿ ಹೊಟ್ಟೆ ಹೊರೆಯುವವರಿಗೆ ಪ್ರತಿ ಹೊಸ ವಿಂಡೋಸ್‌ನಿಂದಲೂ ಭಯ. ಪೇಜ್‌ಮೇಕರ್ 2001ರ 7.0ಕ್ಕೇ ಬೆಳವಣಿಗೆ ನಿಲ್ಲಿಸಿತ್ತು, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿರಲಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಆ ವರ್ಷಗಳಲ್ಲಿ ಚಿಕ್ಕಪ್ಪ ರಾತ್ರಿಯವರೆಗೂ ಕ್ರಯಪತ್ರ ಟೈಪ್ ಮಾಡುತ್ತಿದ್ದರು. ಒಂದು ಒತ್ತಕ್ಷರ ಹಾರಿಹೋದರೂ ಯಾರದೋ ಹೆಸರು ಬದಲಾಗುತ್ತೆ. ಅಂಥವರು "ಹೊಸದು ಬೇಡ" ಅಂದರೆ ಅದನ್ನು ಸೋಮಾರಿತನ ಅನ್ನಲಾದೀತೇ?

ನಾನು ಅಂದೆ. ಅದೇ ನನ್ನ ತಪ್ಪು.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿತು. ಆಗ ನಾನು ಪಿಯುಸಿ, ಕಂಪ್ಯೂಟರ್ ಬಗ್ಗೆ ಎಲ್ಲ ಗೊತ್ತು ಅನ್ನೋ ವಯಸ್ಸು. "ವೈರಸ್ ಬರುತ್ತೆ, ಈಗಲೇ ಬದಲಾಯಿಸಿ ಚಿಕ್ಕಪ್ಪ" ಅಂತ ದುಂಬಾಲು ಬಿದ್ದೆ. ಅಂಗಡಿಗೆ ರಜೆ ಇದ್ದ ಒಂದು ಭಾನುವಾರ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ, ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ 8.1 ಕೂರಿಸಿದೆ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಮೆನುವನ್ನೇ ಎತ್ತಿಬಿಟ್ಟಿದ್ದರು, 2013ರ 8.1ರಲ್ಲಿ ಬರೀ ಗುಂಡಿ ವಾಪಸ್ ಬಂದಿತ್ತು, ಮೆನು ಇಲ್ಲ. ಸೋಮವಾರ ಚಿಕ್ಕಪ್ಪ ಬಂದು ಬಣ್ಣಬಣ್ಣದ ಚೌಕಗಳನ್ನು ನೋಡಿ "ಇದೇನೋ ಇದು, ಸಂತೆಯಲ್ಲಿ ಬಳೆ ಅಂಗಡಿ ಇದ್ದ ಹಾಗಿದೆ" ಅಂದರು. ಅಲ್ಲಿಯವರೆಗೂ ತಮಾಷೆಯೇ.

ಆಮೇಲೆ ಅವರು ತಾತನ ಫೈಲು ತೆರೆದರು.

ತಾತ ತೀರಿಕೊಂಡಿದ್ದು 2011ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ, ಅವರು ಹೇಳುತ್ತಾ ಹೋದದ್ದನ್ನು ಚಿಕ್ಕಪ್ಪ ಟೈಪ್ ಮಾಡಿದ್ದರು. ಯಾವಾಗ ಮಗ್ಗಕ್ಕೆ ಕೂತರು, ನೂಲಿನ ಸಾಲ, ನಮ್ಮ ಬೀದಿಯ ಮನೆಗಳು, ಕೈಮಗ್ಗ ಹೋಗಿ ಕರೆಂಟ್ ಮಗ್ಗ ಬಂದದ್ದು. ಸುಮಾರು 40 ಪುಟ. ಅದನ್ನು ಟೈಪ್ ಮಾಡಿದ್ದು ನುಡಿಯಲ್ಲೂ ಅಲ್ಲ, ಬರಹದಲ್ಲೂ ಅಲ್ಲ, ಅದಕ್ಕೂ ಹಿಂದಿನ ಯಾವುದೋ ಹಳೆಯ ಫಾಂಟಿನಲ್ಲಿ. ನಾನು ಫೈಲು ಉಳಿಸಿದ್ದೆ, ಫಾಂಟು ಉಳಿಸಿರಲಿಲ್ಲ. ಅದರ ಫ್ಲಾಪಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪರದೆಯ ತುಂಬ ಪಿ, ಕ್ಯೂ, ಪೌಂಡ್ ಗುರುತು, ಟೋಪಿ ಹಾಕಿದ ಎ. ಆ ಫಾಂಟಿನಲ್ಲೂ ಅಂಕಿಗಳು ಮಾತ್ರ ತಮ್ಮ ಜಾಗದಲ್ಲೇ ಇದ್ದವು. ಹಾಗಾಗಿ ಆ ಕಸದ ನಡುವೆ 1952, 1961, 1974 ಅಂತ ಇಸವಿಗಳಷ್ಟೇ ಓದಲು ಬರುತ್ತಿದ್ದವು. ಏನಾಯಿತು ಅಂತ ಇಲ್ಲ, ಯಾವಾಗ ಆಯಿತು ಅಂತಷ್ಟೇ.

ಚಿಕ್ಕಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಮಗ್ಗ ಬದಲಾಯಿಸಿದ್ರೂ ಹಳೇ ಜಕಾರ್ಡ್ ಕಾರ್ಡು ಎಸೀತಿರಲಿಲ್ಲ ಕಣೋ ನಿಮ್ಮ ತಾತ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಮಾತಿನ ಅರ್ಥ ನನಗೆ ಹೊಳೆದದ್ದು ಎಂಜಿನಿಯರಿಂಗ್ ಓದುವಾಗ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಅಂಚಿನ ಹೂವು ಇರುವುದು ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ. ತೂತು ಇದ್ದಲ್ಲಿ ಒಂದು ಎಳೆ ಏಳುತ್ತೆ, ಇಲ್ಲದಲ್ಲಿ ಏಳುವುದಿಲ್ಲ. ಸುಮಾರು 1804ರಲ್ಲಿ ಫ್ರಾನ್ಸಿನಲ್ಲಿ ಬಂದ ಈ ಉಪಾಯವೇ ಮುಂದೆ 1890ರ ಅಮೆರಿಕದ ಜನಗಣತಿಯಲ್ಲಿ ಹೊಲೆರಿತ್ ಬಳಸಿದ ತೂತಿನ ಕಾರ್ಡುಗಳಿಗೆ ದಾರಿಯಾಯಿತು. ಅವನ ಕಂಪನಿ ಸೇರಿಕೊಂಡ ಸಂಸ್ಥೆಯೇ ಆಮೇಲೆ ಐಬಿಎಂ ಆಗಿದ್ದು. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಇತಿಹಾಸ ಅಂತ ಓದಿದ್ದು ನಮ್ಮ ಮನೆಯ ಅಟ್ಟದ ಮೇಲೆ ಹಗ್ಗ ಕಟ್ಟಿ ಇಟ್ಟಿತ್ತು! ಮಗ್ಗ ಬೇರೆ, ಕಾರ್ಡು ಬೇರೆ. ಮಗ್ಗ ಹಳತಾಗುತ್ತೆ. ಕಾರ್ಡು ಉಳಿದರೆ ಹೂವು ಉಳಿಯುತ್ತೆ. ನಾನು ಹೊಸ ಮಗ್ಗದ ಖುಷಿಯಲ್ಲಿ ಕಾರ್ಡು ಓದುವ ಕೀಲಿಯನ್ನೇ ಕಳೆದಿದ್ದೆ.

2020ರ ಲಾಕ್‌ಡೌನ್‌ನಲ್ಲಿ ಊರಲ್ಲೇ ಸಿಕ್ಕಿಹಾಕಿಕೊಂಡೆ. ಅಂಗಡಿಯ ಬೀರುವಿನಲ್ಲಿ ಅದೇ ಹಳೆಯ ಫಾಂಟಿನಲ್ಲಿ ಅಚ್ಚಾದ ಲಗ್ನಪತ್ರಿಕೆಗಳು ಸಿಕ್ಕವು, ಅವುಗಳ ಫೈಲುಗಳೂ ಇದ್ದವು. ಅಚ್ಚಿನಲ್ಲಿ ಏನಿದೆ, ಫೈಲಿನಲ್ಲಿ ಯಾವ ಗುರುತಿದೆ ಅಂತ ಒಂದೊಂದಾಗಿ ಪಟ್ಟಿ ಮಾಡಿದೆ. ಪಟ್ಟಿ ಸುಲಭ, ಜೋಡಣೆ ಕಷ್ಟ. ಹಳೆಯ ಫಾಂಟಿನಲ್ಲಿ ಅಕ್ಷರ ಕಣ್ಣಿಗೆ ಕಾಣುವ ಕ್ರಮದಲ್ಲಿ ಉಳಿದಿರುತ್ತೆ, ಯುನಿಕೋಡ್‌ನಲ್ಲಿ ಬಾಯಿ ಹೇಳುವ ಕ್ರಮದಲ್ಲಿ. "ಸೂರ್ಯ" ಅನ್ನೋದರಲ್ಲಿ ಅರ್ಕಾವೊತ್ತು ಕಾಣುವುದು ಕೊನೆಗೆ, ಯುನಿಕೋಡ್‌ಗೆ ಅದು "ಯ"ಗಿಂತ ಮೊದಲೇ ಬೇಕು. ಹೀಗೆ ಹಿಂದುಮುಂದು ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆಯಲು ಮೂರು ವಾರ ಹಿಡಿಯಿತು. ಲಗ್ನಪತ್ರಿಕೆಯಲ್ಲಿ ಬಾರದ ಕೆಲವು ಒತ್ತುಗಳು ಕೊನೆಗೂ ತಿಳಿಯಲಿಲ್ಲ, ಅಂಥ ಕಡೆ ಚಿಕ್ಕಪ್ಪನೇ ಊಹಿಸಿ ಹೇಳಿದರು. ಒಂದು ರಾತ್ರಿ ಪರದೆಯ ಮೇಲೆ 1961ರ ಪಕ್ಕದಲ್ಲಿ "ಮದುವೆಗೆ ನಾನೇ ನೇಯ್ದ ಸೀರೆ" ಅಂತ ಮೂಡಿತು. ಅಜ್ಜಿಗೆ ಓದಿ ಹೇಳಿದೆವು. ಅವರು ಎದ್ದು ಒಳಗೆ ಹೋದರು.

ಯುನಿಕೋಡ್ ಆದ ಮೇಲೆ ಎಲ್ಲ ಸುಖ ಅಂತಲೂ ಹೇಳಲಾರೆ. "ರ‍್ಯಾಂಕ್" ಅಂತ ಬರೆಯಲು ನಡುವೆ ಸೇರಿಸುವ ಕಾಣದ ಜೋಡಕ ಎಲ್ಲಿ ಬರಬೇಕು ಅನ್ನೋದರಲ್ಲಿ ಹಳೆಯ ಬರಹಗಳದು ಒಂದು ಕ್ರಮ, ಈಗಿನ ನಿಯಮದ್ದು ಇನ್ನೊಂದು. ಆದರೂ ಅದು ಒಂದು ಪದದ ಪೆಟ್ಟು, 40 ಪುಟದ ಸಾವಲ್ಲ.

ಅಂದ ಹಾಗೆ, ಈ ಶನಿವಾರ ಏನಾಯಿತು ಅಂತ ಹೇಳಲಿಲ್ಲ. ಈಗ ವಿಂಡೋಸ್ 10ರ ಸರದಿ. 2015ರಲ್ಲಿ ಸ್ಟಾರ್ಟ್ ಮೆನು ಮರಳಿ ತಂದು ಚಿಕ್ಕಪ್ಪನ ಕೋಪ ಇಳಿಸಿದ್ದು ಇದೇ. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಕೇಳುತ್ತೆ, ಅಂಗಡಿಯ ಕಂಪ್ಯೂಟರಿನಲ್ಲಿ ಅದಿಲ್ಲ. ಕೊನೆಗೆ ಹೊಸದೊಂದು ತಂದೆವು. ಹಳೆಯದನ್ನು ಇಂಟರ್ನೆಟ್ ತಂತಿ ಕಿತ್ತು ಮೂಲೆಯಲ್ಲಿ ಹಾಗೇ ಇಟ್ಟಿದ್ದೇವೆ, ಫಾಂಟುಗಳ ಸಮೇತ. ಯಾವುದನ್ನೂ ಫಾರ್ಮ್ಯಾಟ್ ಮಾಡಲಿಲ್ಲ. ಚಿಕ್ಕಪ್ಪ ಹೇಳಿದ ಹಾಗೆ ಪಕ್ಕದಲ್ಲೇ ಕೂತಿದ್ದರು, ಹೊಸ ಯಂತ್ರದಲ್ಲಿ ಮೊದಲು ತೆರೆದಿದ್ದು ತಾತನ ಫೈಲು. ತೆರೆಯಿತು, ಕನ್ನಡದಲ್ಲೇ.

ಗೆಳೆಯರೇ, ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ಊರಿನ ಡಿಟಿಪಿ ಅಂಗಡಿಯಲ್ಲಿ, ಸಂಘದ ಕಚೇರಿಯಲ್ಲಿ ಹಳೆಯ ಫಾಂಟಿನ ಫೈಲುಗಳು ಇದ್ದೇ ಇರುತ್ತವೆ. ನುಡಿ, ಬರಹದವಾದರೆ ಪರಿವರ್ತಕಗಳು ಸಿಗುತ್ತವೆ, ಕಷ್ಟವಿಲ್ಲ. ಬೇರೆ ಫಾಂಟಾದರೆ ಮೊದಲು ಆ ಫಾಂಟನ್ನೂ ಒಂದು ಅಚ್ಚಾದ ಪುಟವನ್ನೂ ಜೋಪಾನ ಮಾಡಿ. ಮತ್ತು "ಹೊಸದು ಬೇಡ" ಅನ್ನುವ ಹಿರಿಯರು ಸಿಕ್ಕರೆ, ನಗುವ ಮೊದಲು ಆ ಕಂಪ್ಯೂಟರಿನೊಳಗೆ ಏನಿದೆ ಅಂತ ಒಮ್ಮೆ ಕೇಳಿ. ನಾನು ಕೇಳಿರಲಿಲ್ಲ.

ನಿಮಗೂ ಇಂಥ ಅನುಭವ ಆಗಿದ್ದರೆ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.