ಮಳೆಯಿಲ್ಲದ ನಾಡಿನ ಚರಂಡಿ

ಕತಾರಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸರಾಸರಿ 75ರಿಂದ 80 ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದು ಜೋರು ಮಳೆಯ ದಿನ ಇದಕ್ಕಿಂತ ಹೆಚ್ಚು ಸುರಿದು ಹೋಗುತ್ತದೆ. ನದಿಯಿಲ್ಲ, ತೊರೆಯಿಲ್ಲ, ದೇಶದ ಅತಿ ಎತ್ತರದ ದಿಬ್ಬವಾದ ಕುರೇನ್ ಅಬು ಅಲ್ ಬೌಲ್ ಕೂಡ ಸಮುದ್ರಮಟ್ಟದಿಂದ 103 ಮೀಟರ್ ಅಷ್ಟೇ. ಇಂಥ ಕಡೆ ನೀರನ್ನು ಹೊರಹಾಕಲು ನೆಲ ಅಗೆಯುವುದೇ ಒಂದು ದೊಡ್ಡ ಕಸುಬಾಗಿ ಬೆಳೆದಿದೆ ಎಂದರೆ ವಿಚಿತ್ರ ಎನಿಸುತ್ತದೆ. ಆ ಬೆಳವಣಿಗೆಯನ್ನು ಸಾಮಾನ್ಯವಾಗಿ ದೊಡ್ಡ ಸುರಂಗಗಳ, ದೈತ್ಯ ಪಂಪುಗಳ ಕಥೆಯಾಗಿ ಹೇಳುತ್ತಾರೆ. ಆದರೆ ಸುರಂಗ ಎಷ್ಟೇ ದೊಡ್ಡದಿದ್ದರೂ ನೀರು ಅದನ್ನು ತಲುಪಬೇಕಾದದ್ದು ಮನೆಮುಂದಿನ ಎರಡಡಿ ಅಗಲದ ಕಣಿಯ ಮೂಲಕ. ಆ ಕಣಿಯ ಓಟ, ಆಳ, ಭದ್ರತೆ ಮೂರೂ ಅದನ್ನು ತೋಡುವ ಸಣ್ಣ ಯಂತ್ರ ಎಷ್ಟು ಚೆನ್ನಾಗಿದೆ ಎಂಬುದನ್ನು ನೆಚ್ಚಿಕೊಂಡಿವೆ. ಕತಾರಿನ ಅನುಭವವನ್ನು ಮೊದಲಿನಿಂದ ನೋಡುತ್ತ ಬಂದರೆ, ಈ ಕ್ಷೇತ್ರದಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಯಂತ್ರದ ಗಾತ್ರದಿಂದಲ್ಲ, ಆರೈಕೆಯಿಂದ ಎಂಬುದು ಸ್ಪಷ್ಟವಾಗುತ್ತದೆ.

ಹಿಂದೆ ಇಲ್ಲಿ ನೆಲ ತೋಡುತ್ತಿದ್ದುದು ನೀರು ಸಿಗಲಿ ಎಂದು. ಕತಾರಿನ ಮೇಲ್ಪದರ ಬಹುಪಾಲು ಸುಣ್ಣಕಲ್ಲು. ಅದು ಅಲ್ಲಲ್ಲಿ ಒಳಗೊಳಗೇ ಕರಗಿ, ಕುಸಿದು, ತಗ್ಗುಗಳು ಉಂಟಾಗಿವೆ. ಅರಬರು ರೌದಾ ಎಂದು ಕರೆಯುವ ಈ ತಗ್ಗುಗಳಲ್ಲೇ ಮಳೆನೀರೂ ಮೆಕ್ಕಲು ಮಣ್ಣೂ ಸೇರುತ್ತಿದ್ದವು. ಬಾವಿ, ಬೆಳೆ, ಮೇವು ಎಲ್ಲವೂ ಅಲ್ಲಿಯೇ. ಕಲ್ಲು ಇನ್ನೂ ಆಳಕ್ಕೆ ಕರಗಿದ ಕಡೆ ಗುಹೆಗಳಾಗಿವೆ. ಮುಸ್ಫಿರ್ ಗುಹೆಯ ಆಳ ಸುಮಾರು 40 ಮೀಟರ್. ಮುತ್ತಿನ ವ್ಯಾಪಾರದಿಂದ 18ನೇ ಶತಮಾನದಲ್ಲಿ ಮೆರೆದ, 2013ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜುಬಾರಾ ಪಟ್ಟಣ ಕೂಡ ಸಿಹಿನೀರಿಗೆ ಒಳನಾಡಿನ ಮುರೇರ್ ಕೋಟೆಯ ಬಾವಿಗಳನ್ನು ನಂಬಿತ್ತು. ಕಾಸರಗೋಡು, ದಕ್ಷಿಣ ಕನ್ನಡದ ಸುರಂಗಗಳನ್ನು ಬಲ್ಲವರಿಗೆ ಈ ಬದುಕು ಅಪರಿಚಿತವಲ್ಲ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದಲ್ಲಿ ಒಂಟಿಯಾಗಿ ಸುರಂಗ ಕೊರೆದು ನೀರು ತಂದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಆದರೆ ಅಲ್ಲಿನ ಮುರಕಲ್ಲು ಹಾರೆ ಪಿಕಾಸಿಗೆ ಬಗ್ಗುತ್ತದೆ. ಕತಾರಿನ ಸುಣ್ಣಕಲ್ಲು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಎಲ್ಲಿ ತೋಡಬೇಕು ಎಂದು ತಿಳಿಯುವುದೇ ಇಲ್ಲಿ ಅರ್ಧ ವಿದ್ಯೆಯಾಗಿತ್ತು.

ದಿಕ್ಕು ತಿರುಗಿದ್ದು ಎಣ್ಣೆಯಿಂದ. 1939ರಲ್ಲಿ ದುಖಾನಿನಲ್ಲಿ ತೈಲ ಸಿಕ್ಕಿತು, 1949ರಲ್ಲಿ ರಫ್ತು ಆರಂಭವಾಯಿತು. ಮುಂದೆ ಸಮುದ್ರದ ನೀರನ್ನು ಸಿಹಿಗೊಳಿಸಿ ಮನೆಮನೆಗೆ ಕೊಳವೆಯಲ್ಲಿ ಹರಿಸಲು ಶುರುಮಾಡಿದರು. ಕೆಲವೇ ಸಾವಿರ ಮನೆಗಳಿದ್ದ ನಾಡಿನಲ್ಲಿ ಇಂದು ಸುಮಾರು 30 ಲಕ್ಷ ಜನರಿದ್ದಾರೆ. ಹೀಗೆ ಹೊರಗಿನಿಂದ ತಂದ ನೀರು ಬಳಕೆಯಾದ ಮೇಲೆ ಎಲ್ಲಿಗೆ ಹೋಗಬೇಕು? ಸೋರುವ ಕೊಳವೆ, ತೋಟಗಳಿಗೆ ಬಿಡುವ ನೀರು, ಚರಂಡಿ ಜಾಲ ಮುಟ್ಟದ ಬಡಾವಣೆಗಳ ಇಂಗುಗುಂಡಿ, ಎಲ್ಲವೂ ಸೇರಿ ರಾಜಧಾನಿ ದೋಹಾದ ಕೆಳಗಿನ ಅಂತರ್ಜಲವನ್ನು ಮೇಲೆತ್ತುತ್ತ ಬಂದವು. 1980ರ ದಶಕದಿಂದೀಚೆಗೆ ನೆಲಮಾಳಿಗೆಗಳಲ್ಲಿ ನೀರು ಒಸರುವುದು, ರಸ್ತೆಯ ತಳ ಮೆತ್ತಗಾಗುವುದು ನಗರದ ಹಳೇ ಕಾಯಿಲೆಯಂತಾಯಿತು. ಈ ನೀರು ಉಪ್ಪು. ಸಲ್ಫೇಟು, ಕ್ಲೋರೈಡು ಕೂಡಿದ್ದು ಕಾಂಕ್ರೀಟನ್ನೂ ಅದರೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಒಳಚರಂಡಿಯೊಳಗೆ ಇನ್ನೊಂದು ಕಾಟ: ಸೆಕೆಗೆ ಮಲಿನ ನೀರು ಬೇಗ ಕೊಳೆತು ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕೊಳವೆಯ ನೆತ್ತಿಯ ತೇವದಲ್ಲಿ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲವಾಗಿಸುತ್ತದೆ. ಬರೀ ಕಾಂಕ್ರೀಟ್ ಕೊಳವೆ ಇದಕ್ಕೆ ತಾಳದು. ಅದಕ್ಕೇ ಸುಟ್ಟ ಜೇಡಿಮಣ್ಣಿನ ಮೆರುಗು ಕೊಳವೆ, ಫೈಬರ್‌ಗ್ಲಾಸ್ ಒಳಪದರ ಬಳಕೆಗೆ ಬಂದವು.

ಸಮತಟ್ಟು ನೆಲ ತಂದೊಡ್ಡುವ ತೊಡಕು ಲೆಕ್ಕದ್ದು. ಕೊಳವೆ ತಾನಾಗಿ ಹರಿಯಬೇಕಾದರೆ ಓಟ ಬೇಕು. ಇನ್ನೂರು ಮೀಟರಿಗೆ ಒಂದು ಮೀಟರಿನಂತೆ ಇಳಿಸಿದರೂ ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಕೊಳವೆ ಐದು ಮೀಟರ್ ಆಳಕ್ಕೆ ಇಳಿದಿರುತ್ತದೆ. ಮಲೆನಾಡಿನಲ್ಲಿ ಗುಡ್ಡವೇ ಕೊಡುವ ಇಳಿಜಾರನ್ನು ಇಲ್ಲಿ ಕಲ್ಲು ಒಡೆದು ಪಡೆಯಬೇಕು, ಇಲ್ಲವೇ ನಡುನಡುವೆ ಪಂಪಿಟ್ಟು ನೀರನ್ನು ಮತ್ತೆ ಮೇಲೆತ್ತಬೇಕು. 2004ರಲ್ಲಿ ಹುಟ್ಟಿದ ಲೋಕೋಪಯೋಗಿ ಪ್ರಾಧಿಕಾರ ಅಶ್‌ಗಾಲ್ ಎರಡೂ ದಾರಿ ಹಿಡಿಯಿತು. ಕತಾರ್ ನಿರ್ಮಾಣ ನಿಯಮಾವಳಿಯ 2014ರ ಆವೃತ್ತಿಯಲ್ಲಿ ಚರಂಡಿ ಕೆಲಸಕ್ಕೇ ಪ್ರತ್ಯೇಕ ಭಾಗವಿದೆ. ಆದರೆ ಕಾಗದದ ಮೇಲಿನ ಓಟ ನೆಲದಲ್ಲಿ ಬರುವುದು ಅಗೆಯುವ ಯಂತ್ರದ ಬಕೆಟ್ ನಡೆಸುವವನ ಕೈಯಿಂದ. ತೋಳಿನ ಪಿನ್ನು, ಬುಶ್ಶು ಸವೆದಿದ್ದರೆ ಆಪರೇಟರ್ ಎಷ್ಟೇ ನುರಿತವನಾದರೂ ಬಕೆಟ್ ಆಡುತ್ತದೆ. ಕಣಿಯ ತಳ ಒಂದು ಕಡೆ ಏರಿ ಒಂದು ಕಡೆ ತಗ್ಗುತ್ತದೆ. ಹೆಚ್ಚು ತೋಡಿದಲ್ಲಿ ಸಡಿಲ ಮಣ್ಣು ತುಂಬಿ ಮುಚ್ಚಿದರೆ, ಮುಂದೆ ಕೊಳವೆ ಅಲ್ಲೇ ಕುಸಿದು ಕೊಳೆ ನಿಲ್ಲುತ್ತದೆ. ಚರಂಡಿ ಕಟ್ಟಿಕೊಂಡಿತು ಎಂಬ ದೂರಿನ ಮೂಲ ಎಷ್ಟೋ ಸಲ ಹೀಗೆ ಹಳೆಯ ಒಂದು ಬುಶ್ಶಿನಲ್ಲಿರಬಹುದು.

ಈ ಸಣ್ಣ ಯಂತ್ರಗಳ ಚರಿತ್ರೆಯೂ ದೀರ್ಘವಾದದ್ದೇನಲ್ಲ. ಹಿಂದೆ ಬಕೆಟ್, ಮುಂದೆ ಮೊರ ಇರುವ ಯಂತ್ರವನ್ನು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1953ರಲ್ಲಿ ಹೊರತಂದರು; ಅವರ ಹೆಸರಿನ ಮೂರಕ್ಷರವೇ ನಮ್ಮ ಹಳ್ಳಿಗಳಲ್ಲಿ ಆ ಜಾತಿಯ ಯಂತ್ರಕ್ಕೆಲ್ಲ ಹೆಸರಾಯಿತು. 1960ರ ದಶಕದಲ್ಲಿ ಹೈಡ್ರಾಲಿಕ್ ಎಕ್ಸ್‌ಕವೇಟರುಗಳೂ ಕಲ್ಲು ಕುಟ್ಟುವ ಹೈಡ್ರಾಲಿಕ್ ಬ್ರೇಕರುಗಳೂ ಹರಡಿದವು. 1968ರಲ್ಲಿ ಜಪಾನಿನ ಯಾನ್ಮಾರ್ ಕಂಪನಿ ಪುಟ್ಟ ಎಕ್ಸ್‌ಕವೇಟರ್ ಮಾರುಕಟ್ಟೆಗೆ ತಂದಿತು. ಊರಿನಲ್ಲಿ ‘ಹಿಟಾಚಿ’ ಎಂದದ್ದೇ ಗಲ್ಫಿನಲ್ಲಿ ‘ಪೊಕ್ಲೇನ್’. ಸಣ್ಣ ಲೋಡರುಗಳೆಲ್ಲ ‘ಬಾಬ್‌ಕ್ಯಾಟ್’. ಕಂಪನಿ ಯಾವುದೇ ಇರಲಿ, ಹೆಸರು ಮಾತ್ರ ಮೊದಲು ಬಂದವನದು. ಕತಾರಿಗೆ ಈ ಕಿರುಯಂತ್ರಗಳು ಒಗ್ಗಿದ್ದಕ್ಕೆ ಕಾರಣವಿದೆ. ಹಳೆಯ ಬಡಾವಣೆಗಳ ಕಿರುದಾರಿಯಲ್ಲಿ ವಿದ್ಯುತ್ ಕೇಬಲ್, ನೀರಿನ ಕೊಳವೆ, ದೂರವಾಣಿ ತಂತಿ ಒತ್ತೊತ್ತಾಗಿ ಹೂತಿರುತ್ತವೆ. ಮೊದಲು ಕೈಯಿಂದ ಪರೀಕ್ಷಾ ಗುಂಡಿ ತೋಡಿ ಅವನ್ನು ಗುರುತಿಸಿ, ಆಮೇಲೆ ಮಾತ್ರ ಯಂತ್ರ ಇಳಿಸಬೇಕು. ಅರವತ್ತು ಸೆಂಟಿಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕಣಿಯನ್ನು ಹತ್ತು ಮೀಟರ್ ತೋಡಿದರೆ ಒಂಬತ್ತು ಘನಮೀಟರ್. ಕಲ್ಲಿನ ಲೆಕ್ಕದಲ್ಲಿ ಇಪ್ಪತ್ತು ಟನ್ನಿನ ಹತ್ತಿರ. ಇದನ್ನು ಕೇಬಲ್ ಮುಟ್ಟದಂತೆ ತೆಗೆಯುವುದು ದೊಡ್ಡ ಯಂತ್ರದ ಕೆಲಸವಲ್ಲ.

ದೊಡ್ಡ ಸುರಂಗಗಳು ಬಂದ ಮೇಲೆ ಇಂಥ ಸಣ್ಣ ಕೆಲಸಕ್ಕೆ ಏನು ಮಹತ್ವ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಕತಾರಿನ ಸುರಂಗ ವಿದ್ಯೆ ಜಗತ್ತೇ ಮೆಚ್ಚುವಂಥದ್ದು. ದೋಹಾ ಮೆಟ್ರೋಗಾಗಿ ಏಕಕಾಲಕ್ಕೆ 21 ಸುರಂಗ ಯಂತ್ರಗಳು ಕೊರೆದದ್ದು ಗಿನ್ನೆಸ್ ದಾಖಲೆ. ಮಳೆನೀರಿಗೂ ಸುರಂಗ ಬೇಕಿತ್ತು: 2015ರ ನವೆಂಬರಿನಲ್ಲಿ ಒಂದೇ ದಿನದ ಮಳೆಗೆ ರಸ್ತೆಗಳು ಮುಳುಗಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2018ರ ಅಕ್ಟೋಬರ್ 20ರಂದು ಅಬು ಹಮೂರಿನಲ್ಲಿ 84 ಮಿಲಿಮೀಟರ್, ಅಂದರೆ ವರ್ಷದ ಪಾಲಿಗಿಂತ ಹೆಚ್ಚು, ಒಂದೇ ದಿನ ಬಿತ್ತು. ಮಳೆನೀರಿಗೂ ಅಂತರ್ಜಲಕ್ಕೂ ದಾರಿಯಾಗಿ ಅಬು ಹಮೂರಿನ ಸುರಂಗ, ಆಮೇಲೆ ಮುಸೈಮೀರಿನ ಪಂಪಿಂಗ್ ಕೇಂದ್ರ, ಅದರಿಂದ ಕಡಲತಳದಲ್ಲಿ ಸುಮಾರು 10 ಕಿಲೋಮೀಟರ್ ಸಾಗುವ ಹೊರಹರಿವಿನ ಸುರಂಗ ಬಂದವು. ಈ ಕೇಂದ್ರದ ಸಾಮರ್ಥ್ಯ ಸೆಕೆಂಡಿಗೆ 19.7 ಘನಮೀಟರ್, ವ್ಯಾಪ್ತಿ ಸುಮಾರು 270 ಚದರ ಕಿಲೋಮೀಟರ್. ಇಲ್ಲೊಂದು ಲೆಕ್ಕ ಹಾಕಿ ನೋಡಬಹುದು. ಈ ಇಡೀ ಪ್ರದೇಶದ ಮೇಲೆ 80 ಮಿಲಿಮೀಟರ್ ಬಿದ್ದರೆ ಅದು ಎರಡು ಕೋಟಿ ಘನಮೀಟರಿಗೂ ಮಿಕ್ಕಿದ ನೀರು. ಎಲ್ಲವನ್ನೂ ಎತ್ತಲು ಹನ್ನೆರಡು ದಿನ ದಾಟುತ್ತದೆ. ಮೂರನೇ ಒಂದು ಪಾಲು ಮಾತ್ರ ಹರಿದು ಬಂತೆಂದರೂ ನಾಲ್ಕು ದಿನ. ಅಷ್ಟು ದಿನ ನೀರು ಬೀದಿಯಲ್ಲಿ ನಿಲ್ಲಬಾರದೆಂದರೆ ತಗ್ಗು, ತೊಟ್ಟಿ, ಕೊಳವೆ, ಜಾಲರಿ ಎಲ್ಲವೂ ಅದನ್ನು ಹಿಡಿದು ಹಂಚಬೇಕು. ಇದು ಸುರಂಗದ ಕೊರತೆಯಲ್ಲ. ಸುರಂಗ ತನ್ನೊಂದರಿಂದಲೇ ಮುಗಿಸಲಾಗದ ಕೆಲಸದ ಅಳತೆ.

ಸಣ್ಣ ಕಣಿಯಲ್ಲಿ ನೀರಿನೊಂದಿಗಿನ ಜಟಾಪಟಿ ಮಳೆಗಾಲಕ್ಕೆ ಕಾಯುವುದಿಲ್ಲ. ತಗ್ಗಿನ ಬಡಾವಣೆಗಳಲ್ಲಿ ಒಂದೆರಡು ಮೀಟರ್ ಇಳಿದರೆ ಸಾಕು, ನೀರು ಕಾಣುತ್ತದೆ. ಆಗ ಕಣಿಯ ಅಂಚಿನುದ್ದಕ್ಕೂ ಸಣ್ಣ ಕೊಳವೆಗಳನ್ನು ಇಳಿಸಿ ಒಂದೇ ಪಂಪಿಗೆ ಜೋಡಿಸಿ ನೀರು ಎಳೆಯುತ್ತಾರೆ. ಮೇಲಿಟ್ಟ ಪಂಪು ಹೀರಬಲ್ಲದ್ದು ಕಾರ್ಯತಃ ಐದಾರು ಮೀಟರಿನಿಂದ ಮಾತ್ರ. ಅದಕ್ಕಿಂತ ಆಳವಾದರೆ ಕೊಳವೆಬಾವಿ ಕೊರೆದು ಒಳಗೇ ಪಂಪು ಇಳಿಸಬೇಕು. ತೆಗೆದ ನೀರನ್ನು ನೇರ ಚರಂಡಿಗೆ ಬಿಡುವಂತಿಲ್ಲ, ಮೊದಲು ತೊಟ್ಟಿಯಲ್ಲಿ ನಿಲ್ಲಿಸಿ ಮರಳು ತಳ ಸೇರಲು ಬಿಡಬೇಕು. ರಾತ್ರಿ ಎರಡು ಗಂಟೆಗೆ ಪಂಪು ನಿಂತರೆ ಏನಾಗುತ್ತದೆ ಎಂಬುದನ್ನು ಹೊಸದಾಗಿ ಹೂಳಿದ ಫೈಬರ್‌ಗ್ಲಾಸ್ ತೊಟ್ಟಿಯೇ ತೋರಿಸುತ್ತದೆ: ಒಳಗೆ ಖಾಲಿ, ಹೊರಗೆ ನೀರು ಏರಿದಂತೆ ಅದು ದೋಣಿಯಂತೆ ತೇಲಿ ಮೇಲೇಳುತ್ತದೆ, ಕೂಡಿಸಿದ ಕೊಳವೆಗಳನ್ನೆಲ್ಲ ಕಿತ್ತುಕೊಂಡು. ಉಪ್ಪುನೀರು ಪಂಪಿನ ಒಳಚಕ್ರವನ್ನೂ ಸೀಲನ್ನೂ ತಿನ್ನುವುದರಿಂದ, ಕೆಲಸ ಮುಗಿದ ದಿನ ಸಿಹಿನೀರು ಹಾಯಿಸಿ ತೊಳೆದಿಡುವುದು ಇಲ್ಲಿನ ಮೊದಲ ಪಾಠ. ಬದಲಿ ಪಂಪು ಪಕ್ಕದಲ್ಲಿರುವುದು ಎರಡನೆಯ ಪಾಠ.

ಆರೈಕೆ ಎಂದರೆ ಏನು ಎಂಬುದನ್ನು ಬ್ರೇಕರಿನಲ್ಲಿ ಹತ್ತಿರದಿಂದ ನೋಡಬಹುದು. ಉಕ್ಕಿನ ಉಳಿ, ಅದನ್ನು ಹಿಡಿದಿರುವ ಬುಶ್, ಮೇಲೆ ಬಡಿಯುವ ಪಿಸ್ಟನ್. ಬುಶ್ಶಿಗೆ ದಿನಕ್ಕೆ ಹಲವು ಬಾರಿ, ಹೆಚ್ಚು ಶಾಖ ತಾಳುವ ಗ್ರೀಸ್ ಬೇಕು. ಗ್ರೀಸ್ ಹಾಕುವಾಗ ಉಳಿಯನ್ನು ನೆಲಕ್ಕೆ ನೆಟ್ಟಗೆ ಒತ್ತಿ ಪೂರ್ತಿ ಒಳಕ್ಕೆ ಸರಿಸಿರಬೇಕು. ಉಳಿ ಜೋತುಬಿದ್ದಿರುವಾಗ ಹಾಕಿದರೆ ಗ್ರೀಸ್ ಪಿಸ್ಟನ್ನಿನ ಕೆಳಗೆ ತುಂಬಿಕೊಂಡು, ಮೊದಲ ಹೊಡೆತಕ್ಕೇ ಸೀಲು ಒಡೆಯುತ್ತದೆ. ಅರ್ಧ ನಿಮಿಷದಲ್ಲಿ ಕಲ್ಲು ಒಡೆಯದಿದ್ದರೆ ಜಾಗ ಬದಲಿಸಬೇಕು. ಒಡೆದ ಮೇಲೂ ಗಾಳಿಗೆ ಹೊಡೆಯುತ್ತಿದ್ದರೆ ಉದ್ದನೆಯ ಬೋಲ್ಟುಗಳು ಬಿರುಕು ಬಿಡುತ್ತವೆ. ಸುಣ್ಣಕಲ್ಲಿನ ಹಿಟ್ಟಿನಂಥ ಧೂಳು ಏರ್ ಫಿಲ್ಟರನ್ನೂ ರೇಡಿಯೇಟರಿನ ಸಂದುಗಳನ್ನೂ ಮುಚ್ಚುತ್ತದೆ. ಹೊರ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಊದಬೇಕು. ಒಳ ಫಿಲ್ಟರನ್ನು ಊದುವಂತಿಲ್ಲ, ಬದಲಿಸಬೇಕು. ಎಣ್ಣೆಯ ಶಾಖ ಹತ್ತು ಡಿಗ್ರಿ ಏರಿದರೆ ಅದರ ಬಾಳಿಕೆ ಅರ್ಧಕ್ಕಿಳಿಯುತ್ತದೆ ಎಂಬುದು ಮೆಕ್ಯಾನಿಕರ ರೂಢಿಯ ಲೆಕ್ಕ. ನೆರಳಿನಲ್ಲೇ 45 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಂಪು ನಾಡಿಗೆ ಬರೆದ ಕೈಪಿಡಿಯ ಗಂಟೆಗಳನ್ನು ಹಾಗೆಯೇ ನಂಬುವಂತಿಲ್ಲ. ಬ್ರೇಕರ್ ಕಟ್ಟಿದ ಯಂತ್ರಕ್ಕಂತೂ ಹೈಡ್ರಾಲಿಕ್ ಎಣ್ಣೆ ಇನ್ನೂ ಬೇಗ ಬದಲಾಗಬೇಕು.

ಇದಕ್ಕೆ ಗುತ್ತಿಗೆದಾರರ ಉತ್ತರ ಸಿದ್ಧವಾಗಿದೆ: ಯಂತ್ರ ಬಾಡಿಗೆಯದು, ಗಂಟೆಗಿಷ್ಟು, ಕೆಟ್ಟರೆ ಬೇರೆಯದು ಬರುತ್ತದೆ, ಸರ್ವಿಸ್ ಮಾಲೀಕ ನೋಡಿಕೊಳ್ಳುತ್ತಾನೆ. ಸಣ್ಣ ಗುತ್ತಿಗೆದಾರ ಯಂತ್ರ ಕೊಳ್ಳಲಾರ ಎಂಬುದು ನಿಜ. ಆದರೆ ಮಾಲೀಕನ ಸರ್ವಿಸ್ 250 ಗಂಟೆಗೊಮ್ಮೆ. ಗ್ರೀಸ್ ಬೇಡುವುದು ಇವತ್ತಿನ ಯಂತ್ರ. ನಡುವಿನ ಆ ದಿನಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಬಿಸಿಲಿನ ಕಾನೂನು ಈ ಪ್ರಶ್ನೆಯನ್ನು ಇನ್ನಷ್ಟು ಮೊನಚಾಗಿಸಿದೆ. 2007ರ ಆದೇಶ ಬೇಸಿಗೆಯಲ್ಲಿ ಬೆಳಗ್ಗೆ 11.30ರಿಂದ ಮಧ್ಯಾಹ್ನ 3ರವರೆಗೆ ಬಯಲು ಕೆಲಸ ತಡೆದಿತ್ತು. 2021ರ ಆದೇಶ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಹಿಗ್ಗಿಸಿತು, ಸೆಕೆಯ ಸೂಚ್ಯಂಕ 32.1 ಡಿಗ್ರಿ ಮೀರಿದರೆ ಯಾವ ಹೊತ್ತಿನಲ್ಲೂ ಕೆಲಸ ನಿಲ್ಲಬೇಕು ಎಂದಿತು. ಇದು ತಡವಾಗಿ ಬಂದ ನ್ಯಾಯ. ಆದರೆ ಗಂಟೆ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಬೆಳಗಿನ ಅರ್ಧ ಗಂಟೆಯ ಯಂತ್ರ ತಪಾಸಣೆಗೆ, ಇಲ್ಲವೇ ಅದನ್ನು ಕೆಲಸಗಾರನ ವಿಶ್ರಾಂತಿಯ ಹೊತ್ತಿಗೆ ತಳ್ಳಲಾಗುತ್ತದೆ. ಎರಡೂ ಸಲ್ಲದು. ಸೋರುವ ಹೋಸಿನ ಎದುರು, ಆಸರೆ ಕಟ್ಟದ ಕಣಿಯೊಳಗೆ ನಿಲ್ಲುವವನು ಮನುಷ್ಯ. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಕುಸಿದರೆ ಅದು ಎದೆಯ ಮೇಲೆ ಬೀಳುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವರ್ಷಕ್ಕೆ ಕೆಲವೇ ದಿನದ ಮಳೆಗಾಗಿ ಇಷ್ಟೆಲ್ಲ ಖರ್ಚೇಕೆ? ನೀರು ನಿಂತರೆ ಟ್ಯಾಂಕರಿನಿಂದ ಎಳೆದರಾಯಿತಲ್ಲ? ಆರುನೂರು ಚದರ ಮೀಟರಿನ ಒಂದೇ ನಿವೇಶನದ ಮೇಲೆ 80 ಮಿಲಿಮೀಟರ್ ಬಿದ್ದರೆ 48,000 ಲೀಟರ್. ಐದು ಸಾವಿರ ಲೀಟರಿನ ಹತ್ತು ಟ್ಯಾಂಕರು. ಬಡಾವಣೆಗೆ ಎಷ್ಟಾಯಿತು? 2024ರ ಏಪ್ರಿಲಿನಲ್ಲಿ ನೆರೆಯ ಎಮಿರೇಟ್ಸಿನ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಬಿದ್ದದ್ದನ್ನು ಕಂಡ ಮೇಲೆ ಅಪರೂಪದ ಮಳೆಯನ್ನು ಅಲ್ಪ ಮಳೆ ಎಂದುಕೊಳ್ಳುವುದು ತಪ್ಪು. ನಿಜವಾಗಿ ನೋಡಿದರೆ ಮಳೆ ಕಡಿಮೆ ಎಂಬುದೇ ಆರೈಕೆ ಹೆಚ್ಚು ಬೇಕೆಂಬುದಕ್ಕೆ ಕಾರಣ. ನಮ್ಮ ಕರಾವಳಿಯ ಚರಂಡಿಯನ್ನು ಮಳೆಯೇ ವರ್ಷವರ್ಷ ತೊಳೆಯುತ್ತದೆ. ಕತಾರಿನಲ್ಲಿ ಚರಂಡಿಯ ಜಾಲರಿಯೊಳಗೆ ತಿಂಗಳುಗಟ್ಟಲೆ ಧೂಳು ಕೂತು ಗಟ್ಟಿಯಾಗುತ್ತದೆ, ನಿಂತ ಪಂಪಿನ ಸೀಲು ಒಣಗಿ ಬಿರಿಯುತ್ತದೆ, ಬ್ಯಾಟರಿ ಇಳಿಯುತ್ತದೆ.

ಅಡಿಕೆ ತೋಟದವರು ಮಳೆ ಹಿಡಿಯುವ ಮುಂಚೆ ಕಣಿ ಬಿಡಿಸುತ್ತಾರೆ; ಯಾರೂ ಆದೇಶ ಹೊರಡಿಸಬೇಕಿಲ್ಲ. ಕತಾರಿಗೂ ಅಂಥದೇ ಪಂಚಾಂಗವಿದೆ. ಅಕ್ಟೋಬರ್ ಮಧ್ಯದಲ್ಲಿ ಅಲ್ ವಸ್ಮ್ ಎಂಬ ಮಳೆಗಾಲ ಕಾಲಿಡುತ್ತದೆ, ಸುಮಾರು 52 ದಿನ ಇರುತ್ತದೆ. ಅದಕ್ಕೆ ಮೊದಲು ಜಾಲರಿ ಎತ್ತಿ ಹೂಳು ತೆಗೆಯುವುದು, ಪಂಪುಗಳನ್ನು ನೀರು ತುಂಬಿಸಿ ಓಡಿಸಿ ನೋಡುವುದು, ಯಂತ್ರಗಳ ಹೋಸು, ಫಿಲ್ಟರು ಬದಲಿಸುವುದು, ಇವು ಗುತ್ತಿಗೆಯ ಕರಾರಿನಲ್ಲೇ ಬರಬೇಕು. ಬಿಲ್ಲಿನಲ್ಲಿ ಅಗೆತಕ್ಕೆ ಮೀಟರಿಗಿಷ್ಟು, ಕೊಳವೆಗೆ ಇಷ್ಟು ಎಂದು ಸಾಲುಗಳಿರುವಂತೆ ಆಪರೇಟರನ ದಿನದ ಅರ್ಧ ಗಂಟೆಯ ತಪಾಸಣೆಗೂ ದರ ಬರೆದ ಒಂದು ಸಾಲು ಇರಲಿ. ಕೂಲಿ ಬರೆಯದ ಕೆಲಸವನ್ನು ಬಾಡಿಗೆಯ ಯಂತ್ರದ ಮೇಲೆ ಯಾರೂ ಮಾಡುವುದಿಲ್ಲ. ಮಾಡದೆ ಬಿಟ್ಟರೆ ಅದರ ಬೆಲೆ ಅಕ್ಟೋಬರಿನ ಮೊದಲ ಮಳೆಯಲ್ಲಿ ಬೀದಿಯವರು ತೆರುತ್ತಾರೆ.